ಬಯಲಾಟದ ಧ್ವನಿಮುದ್ರಣದಲ್ಲಿ ಕೇಬಲ್ ಸಂಪರ್ಕ ಕೈಕೊಟ್ಟಾಗ: ದೋಷ ಪತ್ತೆ ಮತ್ತು ನಿವಾರಣೆ

ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಡುವ ಯಕ್ಷಗಾನ ಮೇಳಗಳು ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯವರೆಗೂ ಕರಾವಳಿಯ ಊರೂರುಗಳಲ್ಲಿ ಆಟ ಆಡುತ್ತವೆ. ಈ ಆಟಗಳನ್ನು ಸಣ್ಣ ರೆಕಾರ್ಡರಿನಲ್ಲಿ ಮುದ್ರಿಸಿ ಜೋಪಾನ ಮಾಡುವವರನ್ನು ಬಹಳ ಸಲ ಕಾಡುವುದು ಮೈಕಿನ ಗುಣಮಟ್ಟವಲ್ಲ, ಸಂಪರ್ಕದ ದೋಷ. ಭಾಗವತರ ಪದ್ಯ ಏರುತ್ತಿದ್ದಂತೆ ಚರಚರ ಸದ್ದು ಸೇರಿಕೊಳ್ಳುತ್ತದೆ, ವೇಷಧಾರಿಗಳ ಮಾತಾದ ಅರ್ಥಗಾರಿಕೆಯ ನಡುವೆ ಒಂದು ಕಡೆಯ ಧ್ವನಿ ಮಾಯವಾಗುತ್ತದೆ, ಬೆಳಗಿನ ಜಾವಕ್ಕೆ ರೆಕಾರ್ಡರೇ ನಿಂತುಹೋಗಿರುತ್ತದೆ. ಅದೇ ಪ್ರಸಂಗವನ್ನು ಅದೇ ಮೇಳ ಮರುದಿನ ಆಡಿದರೂ ಆ ರಾತ್ರಿಯ ಮಾತು ಮತ್ತೆ ಹುಟ್ಟುವುದಿಲ್ಲ, ಏಕೆಂದರೆ ಅರ್ಥವೆಂಬುದು ರಂಗಸ್ಥಳದಲ್ಲಿಯೇ ಆಶುವಾಗಿ ಮೂಡುವಂಥದ್ದು. ಆದ್ದರಿಂದ ಮೈಕಿನಿಂದ ರೆಕಾರ್ಡರಿನವರೆಗಿನ ದಾರಿಯಲ್ಲಿ ದೋಷ ಎಲ್ಲಿದೆ ಎಂದು ಕಂಡುಹಿಡಿಯುವ ಕ್ರಮವನ್ನೂ, ಅದು ಮರುಕಳಿಸದಂತೆ ಕೇಬಲ್ಲನ್ನು ಭದ್ರಪಡಿಸುವ ಬಗೆಯನ್ನೂ ಇಲ್ಲಿ ವಿವರಿಸಲಾಗಿದೆ. ಹಿಮ್ಮೇಳದ ಹತ್ತಿರ ಇಟ್ಟ, ಮೂರು ಪಿನ್ನಿನ ಪ್ಲಗ್ಗಿರುವ ಒಂದೆರಡು ಎಕ್ಸ್‌ಎಲ್‌ಆರ್ ಮೈಕುಗಳು, 3.5 ಮಿ.ಮೀ. ಜ್ಯಾಕಿಗೆ ಬರುವ ಒಂದು ಚಿಕ್ಕ ಮೈಕ್ ಅಥವಾ ಧ್ವನಿವರ್ಧಕದವರ ಮಿಕ್ಸರಿನಿಂದ ಪಡೆದ ಒಂದು ಲೈನ್, ಜೊತೆಗೆ ಪವರ್ ಬ್ಯಾಂಕ್ ಇರುವ ಸಾಮಾನ್ಯ ಜೋಡಣೆಯನ್ನು ಗಮನದಲ್ಲಿಟ್ಟುಕೊಂಡು ಬರೆದದ್ದು ಇದು.

ಮೊದಲು ಪ್ಲಗ್ಗಿಗೆ ಕೈ ಹಾಕಬೇಡಿ

ಚರಚರ ಸದ್ದು ಕೇಳಿದ ಕೂಡಲೇ ಪ್ಲಗ್ಗನ್ನು ಕಿತ್ತು ಮತ್ತೆ ತುರುಕುವುದು ಎಲ್ಲರ ಕೈಗೂ ಬಂದಿರುವ ಅಭ್ಯಾಸ. ಹೀಗೆ ಮಾಡಿದಾಗ ಬಹಳ ಸಲ ಸದ್ದು ನಿಲ್ಲುತ್ತದೆ, ಆದರೆ ಅದು ರಿಪೇರಿಯಲ್ಲ. ಪ್ಲಗ್ ಒಳಗೆ ಜಾರುವಾಗ ಜ್ಯಾಕಿನ ಸ್ಪ್ರಿಂಗ್ ಎಲೆಗಳು ಅದರ ಮೈಯನ್ನು ಉಜ್ಜಿ ಮೇಲಿನ ಕಿಲುಬಿನ ಪದರವನ್ನು ಸ್ವಲ್ಪ ಸರಿಸುತ್ತವೆ. ಒಳಗೆ ಬಿರುಕುಬಿಟ್ಟ ವೈರ್ ಕೂಡ ಹೊಸ ಕೋನದಲ್ಲಿ ತಾತ್ಕಾಲಿಕವಾಗಿ ತಾಗಿಕೊಳ್ಳುತ್ತದೆ. ಪರಿಣಾಮವಾಗಿ ದೋಷ ಎಲ್ಲಿತ್ತು ಎಂಬ ಸುಳಿವು ಅಳಿಸಿಹೋಗಿ, ಅರ್ಧ ಗಂಟೆಯ ನಂತರ ಅದೇ ದೋಷ ಮತ್ತೆ ಎದುರಾಗುತ್ತದೆ. ತೆಗೆದು ಹಾಕಿದ್ದಕ್ಕೆ ಸರಿಹೋದ ಸಂಪರ್ಕವನ್ನು ಕೆಟ್ಟ ಸಂಪರ್ಕವೆಂದೇ ಪರಿಗಣಿಸಬೇಕು. ಆಟ ನಡೆಯುತ್ತಿರುವಾಗ ಬೇರೆ ದಾರಿ ಕಾಣದೆ ಹಾಗೆ ಮಾಡಿದ್ದರೆ, ಆ ಕೇಬಲ್ಲಿಗೆ ಒಂದು ಬಣ್ಣದ ಟೇಪ್ ಸುತ್ತಿ ಗುರುತು ಹಾಕಿ, ಮನೆಗೆ ಬಂದ ಮೇಲೆ ಪರೀಕ್ಷಿಸಬೇಕು.

ಏನನ್ನೂ ಮುಟ್ಟುವ ಮೊದಲು ಮಾಡಬೇಕಾದದ್ದು ಕಣ್ಣು ಮತ್ತು ಕಿವಿಯ ಕೆಲಸ. ಹೆಡ್‌ಫೋನಿನಲ್ಲಿ ಸದ್ದು ಬಂದಾಗಲೆಲ್ಲ ರೆಕಾರ್ಡರಿನ ಲೆವೆಲ್ ಮೀಟರನ್ನು ನೋಡಿ. ಸದ್ದಿನೊಂದಿಗೆ ಮೀಟರ್ ಕೂಡ ನೆಗೆದರೆ ದೋಷ ಮುದ್ರಣದೊಳಗೆ ಹೋಗುತ್ತಿದೆ ಎಂದರ್ಥ. ಕಿವಿಯಲ್ಲಿ ಚರಚರ ಕೇಳುತ್ತಿದ್ದರೂ ಮೀಟರ್ ತನ್ನ ಪಾಡಿಗೆ ಹಾಡನ್ನೇ ತೋರಿಸುತ್ತಿದ್ದರೆ ಕೆಟ್ಟಿರುವುದು ಬಹುಶಃ ಹೆಡ್‌ಫೋನಿನ ಜ್ಯಾಕ್ ಅಥವಾ ಅದರ ವೈರ್. ಹೆಡ್‌ಫೋನ್ ದಿನವೂ ಹಾಕಿ ತೆಗೆಯುವ ವಸ್ತುವಾದ್ದರಿಂದ ರೆಕಾರ್ಡರಿನಲ್ಲಿ ಮೊದಲು ಸವೆಯುವುದು ಸಾಮಾನ್ಯವಾಗಿ ಆ ಜ್ಯಾಕೇ. ಇದನ್ನು ತಿಳಿಯದೆ ಒಳ್ಳೆಯ ಮೈಕ್ ಕೇಬಲ್ಲುಗಳನ್ನು ಅನುಮಾನಿಸಿ ಆಟದ ನಡುವೆ ಕಿತ್ತುಹಾಕುವವರಿದ್ದಾರೆ. ಮೀಟರಿನಿಂದ ಸ್ಪಷ್ಟವಾಗದಿದ್ದರೆ ವೇಷಗಳು ಬದಲಾಗುವ ಬಿಡುವಿನಲ್ಲಿ ಮುದ್ರಣ ನಿಲ್ಲಿಸಿ ಆ ತುಣುಕನ್ನು ರೆಕಾರ್ಡರಿನ ಸ್ವಂತ ಸ್ಪೀಕರಿನಲ್ಲಿ ಕೇಳಿ ನೋಡಬಹುದು.

ಸಡಿಲ ಸಂಪರ್ಕದಂತೆ ಕೇಳಿಸುವ ಬೇರೆ ದೋಷಗಳು

ಚರಚರ ಎನ್ನುವುದೆಲ್ಲ ಕೇಬಲ್ಲಿನ ತಪ್ಪಲ್ಲ. ಬಯಲಾಟದಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಚೆಂಡೆ. ಅದರ ಪೆಟ್ಟು ಮೈಕಿನ ಅಥವಾ ಮೈಕಿನ ಸಂಕೇತವನ್ನು ಹಿಗ್ಗಿಸುವ ಪ್ರೀಆಂಪಿನ ಮಿತಿಯನ್ನು ದಾಟಿದಾಗ ಹುಟ್ಟುವ ಒಡಕು ಸದ್ದು ಸಡಿಲ ಪ್ಲಗ್ಗಿನ ಸದ್ದಿನಂತೆಯೇ ಕೇಳುತ್ತದೆ. ಅದೇ ಪೆಟ್ಟು ರಂಗಸ್ಥಳದ ಹಲಗೆಯನ್ನೂ ನಡುಗಿಸುವುದರಿಂದ ನಿಜವಾದ ಸಡಿಲ ಸಂಪರ್ಕ ಕೂಡ ಚೆಂಡೆಯ ಪೆಟ್ಟಿಗೆ ಸರಿಯಾಗಿಯೇ ಚರಗುಟ್ಟುತ್ತದೆ. ಇವೆರಡನ್ನು ಬೇರ್ಪಡಿಸಲು ಮುದ್ರಣದ ಅಲೆಯ ಚಿತ್ರವನ್ನು ನೋಡಬೇಕು. ಮಿತಿಮೀರಿದ ಧ್ವನಿಯ ಅಲೆಗಳ ತಲೆ ಪ್ರತಿ ಸಲವೂ ಒಂದೇ ಎತ್ತರದಲ್ಲಿ ಕತ್ತರಿಸಿದಂತೆ ಚಪ್ಪಟೆಯಾಗಿರುತ್ತದೆ. ಸಂಪರ್ಕ ತಪ್ಪಿದ ಗುರುತು ಹಾಗಿರುವುದಿಲ್ಲ. ಹಾಡಿಗೂ ತಾಳಕ್ಕೂ ಸಂಬಂಧವಿಲ್ಲದ ಎತ್ತರದ ಚೂಪಾದ ಮುಳ್ಳುಗಳು ಎದ್ದು, ಬಳಿಕ ಅಲೆಯೇ ನಡುಗೆರೆಯಿಂದ ಮೇಲಕ್ಕೋ ಕೆಳಕ್ಕೋ ಸರಿದು ನಿಧಾನವಾಗಿ ಹಿಂತಿರುಗುತ್ತದೆ. 32-ಬಿಟ್ ಫ್ಲೋಟ್ ಮುದ್ರಣವಿರುವ ರೆಕಾರ್ಡರ್ ಇದ್ದರೆ ಇಂಥ ತೊಂದರೆಗಳೆಲ್ಲ ತಪ್ಪುತ್ತವೆ ಎಂಬ ಭಾವನೆ ಹಬ್ಬಿದೆ, ಅದು ಸರಿಯಲ್ಲ. ಆ ವಿಧಾನ ಲೆವೆಲ್ ಹೊಂದಿಸುವಾಗಿನ ತಪ್ಪನ್ನು ತುಂಬಿಕೊಡುತ್ತದೆ. ಮೈಕಿನ ಒಳಗೇ ಒಡೆದ ಧ್ವನಿಯನ್ನಾಗಲಿ, ವೈರಿನಲ್ಲಿ ತುಂಡಾದ ಧ್ವನಿಯನ್ನಾಗಲಿ ಮರಳಿ ತರಲು ಅದಕ್ಕೆ ಸಾಧ್ಯವಿಲ್ಲ.

ಗಾಳಿಯ ಸದ್ದು ದಪ್ಪಗೆ, ಗುಂಡಗೆ, ಕೆಳಸ್ಥಾಯಿಯಲ್ಲಿ ಇರುತ್ತದೆ. ವೈರ್‌ಲೆಸ್ ಮೈಕಿನ ಸಿಗ್ನಲ್ ತಪ್ಪಿದಾಗ ಹೆಚ್ಚಾಗಿ ಮುಳ್ಳುಗಳಿಲ್ಲದ ಶುದ್ಧ ಮೌನದ ತುಣುಕುಗಳು ಬೀಳುತ್ತವೆ. 2ಜಿ ಜಾಲ ಹಿಡಿದ ಮೊಬೈಲ್ ಕೇಬಲ್ಲಿನ ಬಳಿ ಇದ್ದರೆ ಬರುವ ಟರಟರ ಸದ್ದಿಗೆ ಸೆಕೆಂಡಿಗೆ ಸುಮಾರು 217 ಬಾರಿ ಮಿಡಿಯುವ ನಿಯತ ಲಯವಿರುತ್ತದೆ; ಸಡಿಲ ಸಂಪರ್ಕಕ್ಕೆ ಲಯವೆಂಬುದಿಲ್ಲ. ಮೊಬೈಲನ್ನು ಎರಡು ಮಾರು ದೂರ ಇಟ್ಟರೆ ಸಂಶಯ ಪರಿಹಾರವಾಗುತ್ತದೆ.

ಅಲುಗಾಡಿಸುವ ಪರೀಕ್ಷೆ

ದೋಷ ಮುದ್ರಣದ ದಾರಿಯಲ್ಲಿದೆ ಎಂದು ಖಚಿತವಾದ ಮೇಲೆ ದಾರಿಯನ್ನು ತುಂಡುತುಂಡಾಗಿ ಪರೀಕ್ಷಿಸಬೇಕು. ರೆಕಾರ್ಡರನ್ನು ಮೇಜಿನ ಮೇಲೆ ಅಲುಗದಂತೆ ಇಟ್ಟು, ಮುದ್ರಣ ಚಾಲೂ ಮಾಡಿ, ಮೈಕಿನ ಎದುರು ಒಂದು ಗಡಿಯಾರವನ್ನೋ ಮೆಲುದನಿಯ ರೇಡಿಯೋವನ್ನೋ ಇಡಿ. ಬಳಿಕ ಒಂದು ಕೈಯಿಂದ ಪ್ಲಗ್ಗಿನ ದೇಹವನ್ನು ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಅದರ ಹಿಂದಿನ ಕೇಬಲ್ಲನ್ನು ಮಾತ್ರ ಮೆಲ್ಲಗೆ ಬಾಗಿಸಿ. ಆಗ ಸದ್ದು ಬಂದರೆ ಪ್ಲಗ್ಗಿನೊಳಗಿನ ಬೆಸುಗೆ ಅಥವಾ ಕುತ್ತಿಗೆಯ ಬಳಿಯ ವೈರ್ ಮುರಿದಿದೆ. ಇದಕ್ಕೆ ಸದ್ದು ಬರದೆ, ಕೇಬಲ್ಲನ್ನು ಬಿಟ್ಟು ಪ್ಲಗ್ಗಿನ ದೇಹವನ್ನು ಜ್ಯಾಕಿನೊಳಗೆ ತಿರುಗಿಸಿದಾಗ ಬಂದರೆ ದೋಷ ಪ್ಲಗ್ ಮತ್ತು ಜ್ಯಾಕಿನ ನಡುವಿನ ಮೇಲ್ಮೈಯಲ್ಲಿದೆ. ಬಹಳ ಸಲ ಶುಚಿಗೊಳಿಸಿದರೆ ಹೋಗುತ್ತದೆ. ತಿರುಗಿಸಿದಾಗ ಬರದೆ, ಪ್ಲಗ್ಗನ್ನು ಮೇಲೆ ಕೆಳಗೆ ಒಂದಿಷ್ಟು ಒತ್ತಿದಾಗ ಮಾತ್ರ ಬಂದರೆ ರೆಕಾರ್ಡರಿನ ಒಳಗೆ ಜ್ಯಾಕನ್ನು ಸರ್ಕ್ಯೂಟ್ ಬೋರ್ಡಿಗೆ ಹಿಡಿದಿರುವ ಬೆಸುಗೆ ಬಿರುಕುಬಿಟ್ಟಿರುವ ಸಾಧ್ಯತೆ ದೊಡ್ಡದು. ಒಳ್ಳೆಯದೆಂದು ಗೊತ್ತಿರುವ ಇನ್ನೊಂದು ಕೇಬಲ್ ಹಾಕಿ ಇದೇ ಪರೀಕ್ಷೆ ಮಾಡಿದಾಗಲೂ ಅದೇ ಫಲಿತಾಂಶ ಬಂದರೆ ತೀರ್ಮಾನ ಗಟ್ಟಿಯಾಗುತ್ತದೆ. ಒಂದು ಸಲಕ್ಕೆ ಒಂದೇ ವಸ್ತುವನ್ನು ಬದಲಿಸಬೇಕೆಂಬುದನ್ನು ಮರೆಯಬಾರದು. ಕೇಬಲ್ಲನ್ನೂ ಮೈಕನ್ನೂ ಒಟ್ಟಿಗೆ ಬದಲಿಸಿದರೆ ಸರಿಹೋದದ್ದು ಯಾವುದರಿಂದ ಎಂದು ಎಂದಿಗೂ ತಿಳಿಯುವುದಿಲ್ಲ.

ಈ ಪರೀಕ್ಷೆಗೆ ಮಲ್ಟಿಮೀಟರಿನ ಬೀಪ್ ಸದ್ದನ್ನು ಮಾತ್ರ ನಂಬುವುದು ಸಾಲದು. ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟೇ ಕಾಲ ಸಂಪರ್ಕ ತಪ್ಪಿದರೆ ಬೀಪ್ ಎಡೆಬಿಡದೆ ಕೇಳುತ್ತಲೇ ಇರುತ್ತದೆ, ಅಷ್ಟು ಚಿಕ್ಕ ತಪ್ಪು ಮುದ್ರಣದಲ್ಲಿ ಮಾತ್ರ ದೊಡ್ಡ ಟಪ್ ಎಂದು ದಾಖಲಾಗಿರುತ್ತದೆ. ಸೂಕ್ಷ್ಮವಾದ ತಪ್ಪನ್ನು ಹಿಡಿಯಲು ರೆಕಾರ್ಡರಿಗಿಂತ ಒಳ್ಳೆಯ ಉಪಕರಣ ಹವ್ಯಾಸಿಯ ಬಳಿ ಇರುವುದಿಲ್ಲ.

3.5 ಮಿ.ಮೀ. ಜ್ಯಾಕ್: ಇಲ್ಲಿಯೇ ಹೆಚ್ಚು ಸಮಯ ಕೊಡಿ

ಇದರ ಪೂರ್ವಜನಾದ 6.35 ಮಿ.ಮೀ. ಪ್ಲಗ್ ರೂಪುಗೊಂಡದ್ದು 19ನೆಯ ಶತಮಾನದಲ್ಲಿ, ಕೈಯಿಂದ ನಡೆಸುತ್ತಿದ್ದ ಟೆಲಿಫೋನ್ ಎಕ್ಸ್‌ಚೇಂಜುಗಳಿಗಾಗಿ. ಅಲ್ಲಿನ ಅಗತ್ಯ ಕ್ಷಣದಲ್ಲಿ ಹಾಕಿ ಕ್ಷಣದಲ್ಲಿ ಕೀಳುವುದು. ಅದರ ಚಿಕ್ಕ ರೂಪವೂ ಅದೇ ಗುಣವನ್ನು ಉಳಿಸಿಕೊಂಡಿದೆ: ಸ್ಪ್ರಿಂಗಿನ ಒತ್ತಡವಲ್ಲದೆ ಬೇರೆ ಯಾವುದೂ ಅದನ್ನು ಹಿಡಿದಿಟ್ಟುಕೊಂಡಿರುವುದಿಲ್ಲ. ರಾತ್ರಿಯಿಡೀ ಧೀಂಗಿಣದ ನೆಗೆತಕ್ಕೆ ನಡುಗುವ ಹಲಗೆಯ ಪಕ್ಕದಲ್ಲಿ ಇಂಥ ಪ್ಲಗ್ ಕೂದಲೆಳೆಯಷ್ಟು ಹೊರಸರಿದರೂ ಸಾಕು.

ಹೊರಸರಿದಾಗ ಏನಾಗುತ್ತದೆ ಎಂಬುದು ರೆಕಾರ್ಡರಿನ ರಚನೆಯನ್ನು ಅವಲಂಬಿಸಿದೆ, ಇಲ್ಲಿಯೇ ಬಹಳ ಮಂದಿ ಮೋಸಹೋಗುತ್ತಾರೆ. ಅನೇಕ ಸಣ್ಣ ರೆಕಾರ್ಡರುಗಳಲ್ಲಿ ಹೊರಗಿನ ಮೈಕ್ ಹಾಕಿದ ಕೂಡಲೇ ಒಳಗಿನ ಮೈಕುಗಳು ತಾವಾಗಿ ಬಂದ್ ಆಗುತ್ತವೆ, ಪ್ಲಗ್ ಸರಿದರೆ ಮತ್ತೆ ಚಾಲೂ ಆಗುತ್ತವೆ. ಆಗ ಧ್ವನಿ ನಿಲ್ಲುವುದಿಲ್ಲ, ಮೀಟರ್ ಆಡುತ್ತಲೇ ಇರುತ್ತದೆ, ಆದರೆ ಮುದ್ರಣವಾಗುತ್ತಿರುವುದು ಭಾಗವತರ ಬಳಿಯ ಮೈಕಿನಿಂದಲ್ಲ, ರೆಕಾರ್ಡರ್ ಕುಳಿತ ಜಾಗದಿಂದ. ಧ್ವನಿ ಇದ್ದಕ್ಕಿದ್ದಂತೆ ದೂರವಾಗಿ, ಪ್ರೇಕ್ಷಕರ ಮಾತುಕತೆ ಹತ್ತಿರವಾದರೆ ಇದನ್ನೇ ಅನುಮಾನಿಸಬೇಕು. ಪರೀಕ್ಷೆ ಸುಲಭ: ಹೊರಗಿನ ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದಾಗ ಕೇಳದ ಸದ್ದು ರೆಕಾರ್ಡರಿನ ಮೈಯನ್ನು ಕೆರೆದಾಗ ಜೋರಾಗಿ ಕೇಳಿದರೆ ಪ್ಲಗ್ ಸರಿದಿದೆ. ಆಟ ಆರಂಭವಾಗುವ ಮೊದಲು ಈ ಕೆರೆಯುವ ಪರೀಕ್ಷೆಯನ್ನು ತಪ್ಪದೆ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯ ಕಾರಣ ಪ್ಲಗ್ಗಿನ ಜಾತಿ. ಮೊಬೈಲಿಗೆಂದು ಮಾಡಿದ ಕಾಲರ್ ಮೈಕಿನ ಪ್ಲಗ್ಗಿನಲ್ಲಿ ಮೂರು ಕಪ್ಪು ಗೆರೆಗಳೂ ನಾಲ್ಕು ಲೋಹದ ಭಾಗಗಳೂ ಇರುತ್ತವೆ. ರೆಕಾರ್ಡರ್ ಬಯಸುವುದು ಎರಡು ಗೆರೆಗಳ ಮೂರು ಭಾಗದ ಪ್ಲಗ್ಗನ್ನು. ಈಗ ಸಾಮಾನ್ಯವಾಗಿರುವ ಮೊಬೈಲ್ ಜೋಡಣೆಯಲ್ಲಿ ಮೈಕಿನ ಸಂಕೇತ ಬರುವುದು ಬುಡದ ಭಾಗಕ್ಕೆ, ರೆಕಾರ್ಡರಿನ ಜ್ಯಾಕಿನಲ್ಲಿ ಅದೇ ಜಾಗ ಅರ್ತಿಂಗಿನದು. ಆದ್ದರಿಂದ ಪೂರ್ತಿ ಒಳಗೆ ತಳ್ಳಿದಾಗ ಧ್ವನಿ ಸತ್ತುಹೋಗಿ, ಅರ್ಧ ಹೊರಗೆಳೆದಾಗ ಕೆಲವೊಮ್ಮೆ ಬರುತ್ತದೆ. ಇದನ್ನು ಸಡಿಲ ಜ್ಯಾಕ್ ಎಂದು ತಿಳಿದು ಅರ್ಧ ಎಳೆದ ಸ್ಥಿತಿಯಲ್ಲೇ ಟೇಪ್ ಹಚ್ಚುವುದು ಸರಿಯಾದ ಪರಿಹಾರವಲ್ಲ. ನಾಲ್ಕು ಭಾಗದಿಂದ ಮೂರು ಭಾಗಕ್ಕೆ ಬದಲಿಸುವ ಅಡಾಪ್ಟರ್ ಕೇಬಲ್ ಬೇಕು. ಧ್ವನಿ ಒಂದೇ ಕಿವಿಯಲ್ಲಿ ಬಂದರೂ ಮೊದಲು ಪ್ಲಗ್ಗಿನ ಗೆರೆಗಳನ್ನು ಎಣಿಸಬೇಕು, ಏಕೆಂದರೆ ಒಂದೇ ಗೆರೆಯ ಮೋನೋ ಪ್ಲಗ್ಗಿನಲ್ಲಿ ಅದು ದೋಷವೇ ಅಲ್ಲ.

ಕಾಲರ್ ಮೈಕುಗಳಿಗೆ ಈ ಜ್ಯಾಕ್ ಎರಡೂವರೆ ವೋಲ್ಟಿನ ಆಸುಪಾಸಿನ ಪ್ಲಗ್-ಇನ್ ಪವರ್ ಕೂಡ ಕೊಡುತ್ತದೆ. ಧ್ವನಿ ಹರಿಯುವ ವೈರಿನಲ್ಲಿಯೇ ಈ ವಿದ್ಯುತ್ತೂ ಹರಿಯುವುದರಿಂದ ಸಂಪರ್ಕ ಒಂದು ಕ್ಷಣ ತಪ್ಪಿದರೂ ಸದ್ದು ತಾನು ಇರಬೇಕಾದದ್ದಕ್ಕಿಂತ ಎಷ್ಟೋ ಜೋರಾಗಿ ಸಿಡಿಯುತ್ತದೆ. ಮಿಕ್ಸರಿನಿಂದ ಲೈನ್ ತೆಗೆದುಕೊಳ್ಳುವಾಗ ಆ ಪವರನ್ನು ಮೆನುವಿನಲ್ಲಿ ಬಂದ್ ಮಾಡಬೇಕು.

ಲೈನ್ ಕೇಬಲ್ಲಿನ ಇನ್ನೊಂದು ಬಲೆಯನ್ನೂ ಇಲ್ಲಿಯೇ ಹೇಳಬೇಕು. ಸ್ಟೀರಿಯೋ ಮಿನಿ ಪ್ಲಗ್ಗಿನ ಎರಡು ಸಂಕೇತಗಳನ್ನು ಒಂದೇ ಎಕ್ಸ್‌ಎಲ್‌ಆರಿನ 2 ಮತ್ತು 3ನೆಯ ಪಿನ್ನುಗಳಿಗೆ ಜೋಡಿಸಿದ ಕೇಬಲ್ಲುಗಳು ಅಂಗಡಿಯಲ್ಲಿ ಸಿಗುತ್ತವೆ. ಎರಡೂ ಕಡೆ ಒಂದೇ ಧ್ವನಿ ಬರುವ ವೈರ್‌ಲೆಸ್ ರಿಸೀವರನ್ನು ಇಂಥ ಕೇಬಲ್ಲಿನಿಂದ ಜೋಡಿಸಿದರೆ ರೆಕಾರ್ಡರ್ ಒಂದರಿಂದ ಇನ್ನೊಂದನ್ನು ಕಳೆದುಬಿಡುವುದರಿಂದ ಭಾಗವತರ ಧ್ವನಿಯೇ ಅಳಿಸಿ, ತೆಳುವಾದ ಉಳಿಕೆ ಮಾತ್ರ ಕೇಳುತ್ತದೆ. ಪ್ಲಗ್ಗನ್ನು ಸ್ವಲ್ಪ ಹೊರಗೆಳೆದಾಗ ಒಂದು ಸಂಕೇತ ಕಡಿದು ಧ್ವನಿ ಮರಳುವುದರಿಂದ ಇದು ಕೂಡ ಸಡಿಲ ಸಂಪರ್ಕದ ವೇಷದಲ್ಲಿ ಬರುತ್ತದೆ.

ಎಕ್ಸ್‌ಎಲ್‌ಆರ್ ಕೇಬಲ್ಲುಗಳು

ಇವುಗಳಲ್ಲಿ ಬೀಗದ ಕೊಂಡಿ ಇರುವುದರಿಂದ ಹೊರಸರಿಯುವ ಭಯ ಕಡಿಮೆ. ಆದರೂ ಪ್ರತಿ ಸಲ ‘ಟಿಕ್’ ಎಂಬ ಸದ್ದು ಕೇಳಿತೇ ಎಂದು ಗಮನಿಸಿ, ಗುಂಡಿ ಒತ್ತದೆ ಒಮ್ಮೆ ಹಗುರವಾಗಿ ಎಳೆದು ನೋಡಬೇಕು. ಎಕ್ಸ್‌ಎಲ್‌ಆರ್ ಮತ್ತು 6.35 ಮಿ.ಮೀ. ಎರಡನ್ನೂ ಸ್ವೀಕರಿಸುವ ಕೆಲವು ಕಾಂಬೋ ಸಾಕೆಟ್ಟುಗಳಿಗೆ ಕೊಂಡಿಯೇ ಇರುವುದಿಲ್ಲ.

ಇಲ್ಲಿ ಯಾವ ವೈರ್ ಮುರಿದಿದೆ ಎಂಬುದನ್ನು ಧ್ವನಿಯ ಸ್ವಭಾವವೇ ಹೇಳುತ್ತದೆ. 1ನೆಯ ಪಿನ್ ಅರ್ತ್ ಮತ್ತು ಕವಚ, 2 ಮತ್ತು 3 ಧ್ವನಿಯ ಜೋಡಿ. 1 ಕಡಿದರೆ, ರೆಕಾರ್ಡರ್ ಕೇಬಲ್ಲಿನ ಮೂಲಕವೇ ಮೈಕಿಗೆ ಕೊಡುವ ವಿದ್ಯುತ್ತಾದ ಫ್ಯಾಂಟಮ್ ಪವರಿಗೆ ಹಿಂತಿರುಗುವ ದಾರಿ ಇಲ್ಲವಾಗಿ ಅದನ್ನು ನಂಬಿರುವ ಕಂಡೆನ್ಸರ್ ಮೈಕ್ ಮೂಕವಾಗುತ್ತದೆ, ಅದು ಬೇಡದ ಡೈನಾಮಿಕ್ ಮೈಕ್ ಮಾತ್ರ ಗುಂಯ್‌ಗುಡುವ ಸದ್ದಿನೊಂದಿಗೆ ಕೆಲಸ ಮಾಡುತ್ತಲೇ ಇರಬಹುದು. 2 ಅಥವಾ 3 ಕಡಿದರೆ ಧ್ವನಿ ಬಲಗುಂದಿ, ಮದ್ದಳೆಯ ತುಂಬುನಾದ ಹೋಗಿ, ತೆಳ್ಳಗಾಗುತ್ತದೆ.

ಖಚಿತಪಡಿಸಿಕೊಳ್ಳಲು ಮಲ್ಟಿಮೀಟರನ್ನು ಡಿಸಿ 200 ವೋಲ್ಟಿನ ಶ್ರೇಣಿಗೆ ಇಟ್ಟು, ರೆಕಾರ್ಡರಿನಲ್ಲಿ ಫ್ಯಾಂಟಮ್ ಚಾಲೂ ಮಾಡಿ, ಮೈಕನ್ನು ಬಿಡಿಸಿ, ಕೇಬಲ್ಲಿನ ಮೈಕ್ ತುದಿಯಲ್ಲಿ ಅಳೆಯಬೇಕು. 1 ಮತ್ತು 2ರ ನಡುವೆಯೂ, 1 ಮತ್ತು 3ರ ನಡುವೆಯೂ 44ರಿಂದ 52 ವೋಲ್ಟಿನೊಳಗೆ, ಪರಸ್ಪರ ಹತ್ತಿರದ ಅಂಕೆಗಳು ಬರಬೇಕು. ಒಂದರಲ್ಲಿ ಮಾತ್ರ ಸೊನ್ನೆ ಬಂದರೆ ಆ ಪಿನ್ನಿನ ವೈರ್ ಕಡಿದಿದೆ. ಎರಡರಲ್ಲೂ ಸೊನ್ನೆಯಾದರೆ 1ನೆಯದು ಕಡಿದಿದೆ ಅಥವಾ ಫ್ಯಾಂಟಮ್ ಚಾಲೂ ಆಗಿಲ್ಲ. ಕೆಲವು ರೆಕಾರ್ಡರುಗಳಲ್ಲಿ 24 ವೋಲ್ಟಿನ ಆಯ್ಕೆಯೂ ಇರುವುದರಿಂದ ಅರ್ಧದಷ್ಟು ಅಂಕೆ ಕಂಡರೆ ಮೆನುವನ್ನು ನೋಡಬೇಕು. ಅಳೆಯುವಾಗ ಮಲ್ಟಿಮೀಟರಿನ ತಂತಿಯ ಮೊನೆ ಜಾರಿ ಪಿನ್ನುಗಳು ಒಂದಕ್ಕೊಂದು ತಾಗಿದರೂ ಗಾಬರಿಯಾಗಬೇಕಿಲ್ಲ. 48 ವೋಲ್ಟಿನ ಫ್ಯಾಂಟಮ್ ಪ್ರತಿ ವೈರಿಗೂ 6.8 ಕಿಲೋಓಮ್ ರೆಸಿಸ್ಟರಿನ ಮೂಲಕ ಬರುವುದರಿಂದ ಹರಿಯುವ ವಿದ್ಯುತ್ತು ಬಹಳ ಸಣ್ಣದು. ಅಳೆಯುತ್ತಿರುವಾಗಲೇ ಇನ್ನೊಬ್ಬರು ಕೇಬಲ್ಲನ್ನು ತುದಿಯಿಂದ ತುದಿಗೆ ಗೇಣು ಗೇಣಾಗಿ ಬಾಗಿಸುತ್ತ ಬಂದರೆ ಅಂಕೆ ಕುಸಿಯುವ ಜಾಗ ಸಿಗುತ್ತದೆ.

ಮೈಕ್ ಜೋಡಿಸುವಾಗ, ಬಿಡಿಸುವಾಗ ಫ್ಯಾಂಟಮ್ ಬಂದ್ ಮಾಡಿ, ಗೇನ್ ಇಳಿಸಿ, ಹೆಡ್‌ಫೋನನ್ನು ಕಿವಿಯಿಂದ ತೆಗೆದಿರಬೇಕು.

ವಿದ್ಯುತ್ ಕೇಬಲ್

ರೆಕಾರ್ಡರ್ ಆಟದ ನಡುವೆ ನಿಂತುಹೋದರೆ ಯುಎಸ್‌ಬಿ ಪ್ಲಗ್ ಸರಿದಿರಬಹುದು, ಆದರೆ ಸರಿದಿರಲೇಬೇಕೆಂದಿಲ್ಲ. ಕೆಲವು ಪವರ್ ಬ್ಯಾಂಕುಗಳು ತಮ್ಮಿಂದ ಹರಿಯುವ ವಿದ್ಯುತ್ತು ತೀರ ಕಡಿಮೆ ಇದ್ದಾಗ ಫೋನ್ ತುಂಬಿತೆಂದು ಭಾವಿಸಿ ತಾವಾಗಿ ಬಂದ್ ಆಗುತ್ತವೆ. ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ನಿಲ್ಲುತ್ತಿದ್ದರೆ ಕಾರಣ ಪವರ್ ಬ್ಯಾಂಕ್, ಯಾರಾದರೂ ಹತ್ತಿರ ನಡೆದಾಗ ಅಥವಾ ಮುಟ್ಟಿದಾಗ ನಿಲ್ಲುತ್ತಿದ್ದರೆ ಕಾರಣ ಕೇಬಲ್. ಎರಡಕ್ಕೂ ಒಂದೇ ರಕ್ಷಣೆ: ಒಳಗಿನ ಸೆಲ್ಲುಗಳನ್ನು ಎಂದೂ ಖಾಲಿ ಬಿಡಬಾರದು, ಮತ್ತು ಹೊರಗಿನ ವಿದ್ಯುತ್ತು ತಪ್ಪಿದಾಗ ನಿಮ್ಮ ರೆಕಾರ್ಡರ್ ಮುದ್ರಣ ನಿಲ್ಲಿಸದೆ ಸೆಲ್ಲಿಗೆ ಬದಲಾಗುತ್ತದೆಯೇ ಎಂದು ಮನೆಯಲ್ಲಿಯೇ ಕೇಬಲ್ ಕಿತ್ತು ನೋಡಿರಬೇಕು. ನಿಂತುಹೋದ ಮುದ್ರಣದ ಕಡತ ಖಾಲಿಯೆಂದು ಕಂಡರೂ ಆ ಕಾರ್ಡಿನಲ್ಲಿ ಮತ್ತೇನನ್ನೂ ಮುದ್ರಿಸದೆ ಎತ್ತಿಡಿ, ಏಕೆಂದರೆ ಕಡತದ ತಲೆಬರಹ ಮಾತ್ರ ಪೂರ್ತಿಯಾಗದೆ ಧ್ವನಿ ಕಾರ್ಡಿನಲ್ಲಿ ಉಳಿದಿರುವ ಸಾಧ್ಯತೆ ಇದೆ.

ರಂಗಸ್ಥಳದ ಮೇನ್ಸ್‌ನಿಂದ ಚಾರ್ಜರ್ ಹಾಕಿಕೊಂಡು ಮಿಕ್ಸರಿನ ಲೈನನ್ನೂ ಪಡೆದಾಗ 50 ಹರ್ಟ್ಸಿನ ಗುಂಯ್‌ಗುಡುವಿಕೆ ಬಂದರೆ ಚಾರ್ಜರ್ ತೆಗೆದು ನೋಡಿ. ನಿಂತರೆ ಅದು ಎರಡು ದಾರಿಗಳಲ್ಲಿ ಅರ್ತ್ ಸೇರಿದ್ದರಿಂದ ಆದ ಸುತ್ತು (ಗ್ರೌಂಡ್ ಲೂಪ್), ಕೇಬಲ್ ಸರಿಯಿದೆ.

ಭದ್ರಪಡಿಸುವ ಬಗೆ

ಭದ್ರತೆಯೆಂದರೆ ಪ್ಲಗ್ಗನ್ನು ಬಿಗಿಯಾಗಿ ಕಟ್ಟುವುದಲ್ಲ, ಎಳೆತ ಪ್ಲಗ್ಗಿನವರೆಗೆ ಬಾರದಂತೆ ಮಾಡುವುದು. ಬಾವಿಯ ಹಗ್ಗವನ್ನು ಕೊಡಕ್ಕಲ್ಲದೆ ಕಂಬಕ್ಕೆ ಗಂಟುಹಾಕಿದಂತೆ, ಕೇಬಲ್ಲಿನ ಭಾರವನ್ನು ಹೊರಬೇಕಾದದ್ದು ಟ್ರೈಪಾಡ್ ಅಥವಾ ರಂಗಸ್ಥಳದ ಕಂಬ. ಪ್ಲಗ್ಗಿನಿಂದ ಒಂದು ಗೇಣು ದೂರದಲ್ಲಿ ಕೇಬಲ್ಲನ್ನು ಸಡಿಲವಾಗಿ ಒಂದು ಸುತ್ತು ಸುತ್ತಿ, ಆ ಸುತ್ತನ್ನು ವೆಲ್ಕ್ರೋ ಪಟ್ಟಿಯಿಂದ ಟ್ರೈಪಾಡಿನ ಕಾಲಿಗೋ ರೆಕಾರ್ಡರನ್ನು ಕೂರಿಸಿದ ಚೌಕಟ್ಟಾದ ಪಂಜರಕ್ಕೋ ಕಟ್ಟಬೇಕು. ಯಾರೋ ಎಡವಿದರೂ ಎಳೆತ ಅಲ್ಲಿಯೇ ತಡೆದು, ಪ್ಲಗ್ ಅಲುಗುವುದಿಲ್ಲ. ಮೈಕ್ ಸ್ಟ್ಯಾಂಡಿನ ಬುಡದಲ್ಲಿಯೂ ಇಂಥದೇ ಒಂದು ಸುತ್ತು ಇರಲಿ. ಪ್ಲಾಸ್ಟಿಕ್ ಕೇಬಲ್ ಟೈಯನ್ನು ಬಿಗಿದೆಳೆದರೆ ಒಳಗಿನ ವೈರುಗಳೇ ನಜ್ಜಾಗುತ್ತವೆ, ಅದನ್ನು ಬಳಸದಿರುವುದು ಲೇಸು.

3.5 ಮಿ.ಮೀ. ಜ್ಯಾಕಿಗೆ ನಾನು ಎಲ್ಲಕ್ಕಿಂತ ಮೇಲೆಂದು ಸೂಚಿಸುವುದು ಗೇಣುದ್ದದ, ತೆಳುವಾದ, ಮಣಿಯುವ ಎಕ್ಸ್‌ಟೆನ್ಷನ್ ಕೇಬಲ್. ಅದರ ಲಂಬಕೋನದ ಪ್ಲಗ್ಗನ್ನು ಒಮ್ಮೆ ರೆಕಾರ್ಡರಿಗೆ ಹಾಕಿ, ಇನ್ನೊಂದು ತುದಿಯ ಸಾಕೆಟ್ಟನ್ನು ಪಂಜರಕ್ಕೆ ಕಟ್ಟಿಬಿಟ್ಟರೆ, ಮುಂದೆ ಹಾಕಿ ತೆಗೆಯುವುದೆಲ್ಲ ಆ ಸಾಕೆಟ್ಟಿನಲ್ಲಿ; ಸವೆದರೆ ಬದಲಾಗುವುದು ಅಗ್ಗದ ಕೇಬಲ್ಲೇ ಹೊರತು ರೆಕಾರ್ಡರಿನ ಬೋರ್ಡಲ್ಲ. ಉದ್ದದ ನೇರ ಪ್ಲಗ್ಗಿಗೆ ಅಡಾಪ್ಟರಿನ ಮೇಲೆ ಅಡಾಪ್ಟರ್ ಸೇರಿಸಿದರೆ ಅದು ಸನ್ನೆಕೋಲಾಗಿ ಬೋರ್ಡಿನ ಬೆಸುಗೆಯನ್ನು ಮೀಟುತ್ತದೆ. ತಿರುಪಿನ ಬಳೆಯಿರುವ ಪ್ಲಗ್ಗನ್ನು ಸ್ವೀಕರಿಸುವ ಚಿಕ್ಕ ರೆಕಾರ್ಡರುಗಳೂ ಇವೆ. ಜೂಮ್ ಎಫ್2 ಮತ್ತು ಟಾಸ್ಕಾಮ್ ಡಿಆರ್-10ಎಲ್ ಅಂಥವು, ವೇಷಧಾರಿಯ ಮೈಮೇಲೆ ಕಟ್ಟುವ ಮುದ್ರಣಕ್ಕೆ ಅವೇ ಸೂಕ್ತ. ಟೇಪ್ ಹಚ್ಚಲೇಬೇಕಾದರೆ ಬಟ್ಟೆಯ ಗಾಫರ್ ಟೇಪ್ ಬಳಸಿ. ಸಾಧಾರಣ ಪ್ಯಾಕಿಂಗ್ ಟೇಪಿನ ಅಂಟು ಕರಾವಳಿಯ ಸೆಕೆಗೆ ಕರಗಿ ಜ್ಯಾಕಿನೊಳಗೆ ಇಳಿಯುತ್ತದೆ.

ಜೋಡಣೆ ಮುಗಿದ ಮೇಲೆ ಅದನ್ನು ಪರೀಕ್ಷಿಸುವ ಹೊತ್ತು ಆಟಕ್ಕೆ ಮೊದಲು ಕೇಳಿ (ಆಟವಿದೆಯೆಂದು ಸಾರುವ ಚೆಂಡೆವಾದನ) ಬಡಿಯುವ ಸಮಯ. ಚೆಂಡೆಯ ಪೂರ್ಣ ಬಲವೂ ಹಲಗೆಯ ನಡುಕವೂ ಆಗ ದೊರಕುತ್ತವೆ.

ಕಿಲುಬು, ಇಬ್ಬನಿ ಮತ್ತು ಹಳೆಯ ಕೇಬಲ್

ಉಪ್ಪುಗಾಳಿಯ ಊರುಗಳಲ್ಲಿ ನಿಕ್ಕಲ್ ಲೇಪನದ ಪ್ಲಗ್ಗುಗಳು ಬೇಗ ಮಂಕಾಗುತ್ತವೆ. ರೆಕಾರ್ಡರ್ ಬಂದ್ ಮಾಡಿ, ಸೆಲ್ ತೆಗೆದು, 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ನಾರಿಲ್ಲದ ಬಟ್ಟೆಯಿಂದ ಪ್ಲಗ್ಗನ್ನು ಒರೆಸಬೇಕು. ಜ್ಯಾಕಿನೊಳಗೆ ಹತ್ತಿಯ ಕಡ್ಡಿ ತೂರಿಸದೆ, ಹಲ್ಲುಸಂದಿಗೆ ಬಳಸುವ ಸಣ್ಣ ಬ್ರಷ್ಷನ್ನು ಅದೇ ದ್ರವದಲ್ಲಿ ತುಸುವೇ ತೇವಗೊಳಿಸಿ ತಿರುಗಿಸಬೇಕು. ಬ್ರಷ್ಷಿನ ನಡುವಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರಲಿ. ಪೂರ್ತಿ ಒಣಗಿದ ಬಳಿಕವೇ ಚಾಲೂ ಮಾಡಬೇಕು. ಮರಳು ಕಾಗದದಿಂದ ಉಜ್ಜಿದರೆ ಲೇಪನ ಹೋಗಿ ಒಳಗಿನ ಹಿತ್ತಾಳೆ ಮತ್ತಷ್ಟು ಬೇಗ ಕಿಲುಬುತ್ತದೆ. ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಇಬ್ಬನಿ ನೇರವಾಗಿ ಜೋಡಣೆಗಳ ಮೇಲೆ ಬೀಳದಂತೆ ಒಂದು ಬಟ್ಟೆಯ ಮರೆ ಸಾಕು.

ಕೇಬಲ್ಲನ್ನು ಮೊಣಕೈಗೆ ಸುತ್ತಿ ಮಡಚುವುದು ಅದರ ಆಯುಸ್ಸನ್ನು ಕಡಿಮೆ ಮಾಡುತ್ತದೆ, ಏಕೆಂದರೆ ಪ್ರತಿ ಸುತ್ತಿಗೂ ಒಳಗಿನ ವೈರ್ ಒಂದೇ ದಿಕ್ಕಿಗೆ ತಿರುಚಿಕೊಳ್ಳುತ್ತ ಹೋಗುತ್ತದೆ. ಒಂದು ಸುತ್ತನ್ನು ನೇರವಾಗಿ, ಮುಂದಿನದನ್ನು ಮಗುಚಿ ಹಾಕುತ್ತ ಬಂದರೆ ತಿರುಚು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕುತ್ತಿಗೆಯಲ್ಲಿ ಮುರಿದ ಎಕ್ಸ್‌ಎಲ್‌ಆರ್ ಕೇಬಲ್ಲನ್ನು ಎಸೆಯಬೇಕಿಲ್ಲ. ಬೆಸುಗೆಯ ಸೀಸ ತಂತಿಯ ಎಳೆಗಳೊಳಗೆ ಏರಿ ಗಡುಸಾದ ಅಂಚಿನಲ್ಲಿಯೇ ಅದು ಸಾಮಾನ್ಯವಾಗಿ ಮುರಿಯುವುದರಿಂದ, ತುದಿಯಿಂದ ಒಂದು ಗೇಣನ್ನು ಕತ್ತರಿಸಿ ಹಾಕಿ, ಆರೋಗ್ಯಕರವಾದ ಭಾಗಕ್ಕೆ ಹೊಸ ಕನೆಕ್ಟರ್ ಬೆಸೆಯಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಕನೆಕ್ಟರುಗಳು ಬಿಡಿಯಾಗಿ ಸಿಗುತ್ತವೆ. ಬೆಸೆಯುವ ಮೊದಲು ಕನೆಕ್ಟರಿನ ಹಿಂಬದಿಯ ರಬ್ಬರ್ ಮತ್ತು ಹಿಡಿಕೆಯನ್ನು ಕೇಬಲ್ಲಿಗೆ ಪೋಣಿಸಿರಬೇಕು, ಮತ್ತು ಮುಚ್ಚಿದ ಮೇಲೆ ಹಿಡಿಕೆ ಕಚ್ಚಿರುವುದು ಹೊರಕವಚವನ್ನೇ ಹೊರತು ಒಳಗಿನ ವೈರುಗಳನ್ನಲ್ಲ ಎಂದು ಎಳೆದು ನೋಡಬೇಕು. ಹೀಗೆ ದುರಸ್ತಿಯಾದ ಕೇಬಲ್ ಮೇಲೆ ಹೇಳಿದ ಅಲುಗಾಡಿಸುವ ಪರೀಕ್ಷೆಯಲ್ಲಿ ಮೌನವಾಗಿ ಉಳಿದರೆ ಮಾತ್ರ ಅದರ ಬಣ್ಣದ ಟೇಪ್ ಬಿಚ್ಚಿ ಚೀಲಕ್ಕೆ ಸೇರಿಸಿ.